ಬ್ರೈಲ್ ಸಾಫ್ಟ್‌ವೇರ್‌ಗೆ ಯೂನಿಕೋಡ್: ಚುಕ್ಕಿಗಳ ಲೆಕ್ಕ

ಬ್ರೈಲ್ ಅನುವಾದ ಸಾಫ್ಟ್‌ವೇರ್‌ಗೆ ‘ಕನ್ನಡ’ ಎಂದು ಕೊಡಿ. ಹಳೆಯ ಬಿಆರ್‌ಎಫ್ ಫೈಲಿನಲ್ಲಿ (ಬ್ರೈಲ್ ಚುಕ್ಕಿಗಳ ಬದಲು ಕೀಬೋರ್ಡಿನ ಅಕ್ಷರಗಳನ್ನು ಬರೆದಿಡುವ ಕಡತ) ಬರುವುದು ಇಂಗ್ಲಿಷಿನ ಕೆ, ಅಟ್ ಚಿಹ್ನೆ, ಎರಡು ಎನ್, ಕೊನೆಗೊಂದು ಡಾಲರ್. ಬ್ರೈಲ್ ಪ್ರಿಂಟರ್‌ಗೆ ಇದು ಸಲೀಸು. ಪರದೆಯ ಮೇಲೆ ಕರಡು ತಿದ್ದುವವರಿಗೆ ತಲೆನೋವು. ಯೂನಿಕೋಡ್ ಔಟ್‌ಪುಟ್ ಸೇರಿಸಿದರೆ ಅಲ್ಲಿ ಚುಕ್ಕಿಗಳೇ ಕಾಣುತ್ತವೆ.

ಅನುವಾದದ ನಿಯಮಗಳನ್ನು ಮುಟ್ಟಬೇಡಿ. ಬದಲಾಗಬೇಕಾದ್ದು ಕೊನೆಯ ಹಂತ, ಅಂದರೆ ಫೈಲಿಗೆ ಬರೆಯುವ ಭಾಗ ಮಾತ್ರ. 1999ರ ಯೂನಿಕೋಡ್ 3.0ರಲ್ಲಿ ಬ್ರೈಲ್‌ಗೆ 2800ರಿಂದ 256 ಸ್ಥಾನಗಳು ಸಿಕ್ಕವು. ಒಂದರಿಂದ ಎಂಟನೆಯ ಚುಕ್ಕಿಯವರೆಗೆ ಬೆಲೆ ಕ್ರಮವಾಗಿ 1, 2, 4, 8, 16, 32, 64, 128. ಎದ್ದಿರುವ ಚುಕ್ಕಿಗಳ ಬೆಲೆ ಕೂಡಿ, 2800ಕ್ಕೆ ಸೇರಿಸಿ. ‘ಕ’ ಎಂದರೆ 1, 3ನೇ ಚುಕ್ಕಿ. ಮೊತ್ತ 5, ಸ್ಥಾನ 2805. ‘ನ’ಕ್ಕೆ 1, 3, 4, 5, ಮೊತ್ತ 29. ಎಡವುವುದು ಇಲ್ಲೇ. 2800 ಹದಿನಾರರ ಲೆಕ್ಕದ ಸಂಖ್ಯೆ, ನಮ್ಮ ದಶಮಾನದಲ್ಲಿ 10240. ಹಾಗಾಗಿ ‘ನ’ದ ಸ್ಥಾನ 10269. 29ನ್ನು ಹಾಗೇ 2800ರ ಬಾಲಕ್ಕೆ ಅಂಟಿಸಿದರೆ ‘ನ’ ಹೋಗಿ ‘ಶ’ ಬರುತ್ತದೆ!

ನಿಮ್ಮ ಪ್ರೋಗ್ರಾಂ ಬಿಆರ್‌ಎಫ್ ಅಕ್ಷರಗಳನ್ನಷ್ಟೇ ಕೊಡುತ್ತದೆಯೇ? ಅದರಲ್ಲಿ ಆರೇ ಚುಕ್ಕಿ, ಹಾಗಾಗಿ 64 ಅಕ್ಷರ. ಅವನ್ನು ಚುಕ್ಕಿ ಮೊತ್ತದ ಕ್ರಮದಲ್ಲಿ, ಸೊನ್ನೆಯಿಂದ 63ರವರೆಗೆ, ಒಂದೇ ಸಾಲಿನಲ್ಲಿ ಜೋಡಿಸಿಡಿ. ಅಕ್ಷರ ಎಷ್ಟನೆಯದೋ ಅದೇ ಮೊತ್ತ. ಸಣ್ಣಕ್ಷರ ಬಂದರೆ ಮೊದಲು ದೊಡ್ಡದಾಗಿಸಿ. ಲಿಬ್‌ಲೂಯಿಸ್ ಎಂಬ ಸಿದ್ಧ ಬ್ರೈಲ್ ಅನುವಾದ ಸಾಧನ ಬಳಸುವವರಿಗೆ ಇಷ್ಟೂ ಕಷ್ಟವಿಲ್ಲ: ಅದರಲ್ಲಿರುವ ಯೂನಿಕೋಡ್ ಡಿಸ್‌ಪ್ಲೇ ಟೇಬಲನ್ನು (ಚುಕ್ಕಿಗಳನ್ನು ಹೇಗೆ ತೋರಿಸಬೇಕೆಂಬ ಪಟ್ಟಿ) ಕನ್ನಡದ ಅನುವಾದ ನಿಯಮಗಳ ಟೇಬಲಿಗಿಂತ ಮುಂದೆ ಕೊಟ್ಟರಾಯಿತು.

ಹೆಚ್ಚು ಕಾಡುವುದು ಖಾಲಿ ಜಾಗ. 2800 ನೋಡಲು ಖಾಲಿಯೇ, ಆದರೆ ಕಂಪ್ಯೂಟರ್ ಅದನ್ನು ಸ್ಪೇಸ್ ಎಂದು ಒಪ್ಪುವುದಿಲ್ಲ. ಪದಗಳ ನಡುವೆ ಅದನ್ನೇ ಹಾಕಿದರೆ ಸಾಲು ಎಲ್ಲೆಂದರಲ್ಲಿ ತುಂಡಾಗುತ್ತದೆ, ಹುಡುಕಾಟವೂ ಕೈಕೊಡುತ್ತದೆ. ಮಾಮೂಲಿ ಸ್ಪೇಸನ್ನೇ ಉಳಿಸಿ. 2800 ಬೇಕೆನ್ನುವವರಿಗೆ ಸೆಟ್ಟಿಂಗ್‌ನಲ್ಲಿ ಆಯ್ಕೆ ಕೊಡಿ. ಸಾಲಿನ ಉದ್ದವನ್ನು ಬೈಟ್‌ಗಳಲ್ಲಿ ಎಣಿಸಲೂ ಬೇಡಿ. ಯುಟಿಎಫ್-8ರಲ್ಲಿ ಒಂದು ಬ್ರೈಲ್ ಕೋಶಕ್ಕೆ, ಅಂದರೆ ಒಂದು ಚುಕ್ಕಿಗುಂಪಿಗೆ, ಮೂರು ಬೈಟ್. 40 ಕೋಶ ಹಿಡಿಯಬೇಕಾದ ಸಾಲು 13ಕ್ಕೇ ಮುರಿದರೆ ಕಾರಣ ಅದೇ.

ಕನ್ನಡದ್ದೇ ಇನ್ನೊಂದು ಪೇಚು: ‘ರ‍್ಯಾಂಕ್’, ‘ಸಾಫ್ಟ್‌ವೇರ್’ ಪದಗಳೊಳಗೆ ಅಕ್ಷರಗಳು ಕೂಡುವುದನ್ನು ನಿಯಂತ್ರಿಸುವ, ಕಣ್ಣಿಗೆ ಬೀಳದ ಸಂಕೇತಗಳಿವೆ (ZWJ, ZWNJ). ಟೇಬಲಿನಲ್ಲಿ ಅವುಗಳಿಗೆ ನಿಯಮವಿಲ್ಲದಿದ್ದರೆ ಲಿಬ್‌ಲೂಯಿಸ್ ಅವುಗಳ ಸಂಕೇತಸಂಖ್ಯೆಯನ್ನೇ ಬ್ರೈಲ್‌ನಲ್ಲಿ ಒದರುತ್ತದೆ, ಪದದ ನಡುವೆ ಅಂಕಿಗಳು ನುಗ್ಗುತ್ತವೆ. ಅನುವಾದಕ್ಕೆ ಮುಂಚೆಯೇ ಅವನ್ನು ಸೋಸಿ ತೆಗೆಯಿರಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನ ಕಡತವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಏನೂ ಆಗದು.

ಪರೀಕ್ಷೆಗೆ 64 ಕೋಶಗಳನ್ನೂ ಯೂನಿಕೋಡ್‌ಗೆ ಒಯ್ದು, ಮತ್ತೆ ಬಿಆರ್‌ಎಫ್‌ಗೆ ತಂದು ಹೋಲಿಸಿ. ಮೆನುವಿನಲ್ಲಿ ಹಳೆಯ ಬಿಆರ್‌ಎಫ್ ಆಯ್ಕೆ ಇರಲೇಬೇಕು. ಅದನ್ನಷ್ಟೇ ಬಲ್ಲ ಪ್ರಿಂಟರ್‌ಗೆ ಯೂನಿಕೋಡ್ ಫೈಲ್ ಕಳಿಸಿದರೆ ಕಾಗದ ದಂಡ.