ಬಂದೂಕ ಬಲಗೈಯಾಗ, ಕಾರಭಾರ ಎಡಗಣ್ಣಿಂದು

ಬರಿಯೋದು, ಉಣ್ಣೋದು, ಬ್ಯಾಟಿಂಗ್ ಎಲ್ಲಾ ನಂದು ಬಲಗೈ, ಕಣ್ಣು ಮಾತ್ರ ಎಡದ್ದ ಡಾಮಿನೆಂಟ್, ಅಂದ್ರ ಗುರಿ ಹಿಡಿಯೋ ಯಜಮಾನಕಿ ಅದರದ್ದ. ರೈಫಲ್ ಹೊಡ್ಯೋರಿಗೆ ಇದು ದೊಡ್ಡ ತ್ರಾಸಲ್ಲ ಬಿಡ್ರಿ, ಎಡಗಣ್ಣಿಗೊಂದು ಬ್ಲೈಂಡರ್ (ಮರಿ ಮಾಡೋ ಪಟ್ಟಿ) ಹಾಕ್ಕೊಂಡ್ರ ನಡೀತೈತಿ, ಟಾರ್ಗೆಟ್ ಏನ್ ಹಾರಿ ಹೋಗಂಗಿಲ್ಲ. ಟ್ರ್ಯಾಪ್‌ನಾಗ, ಅಂದ್ರ ಹಾರೋ ಕ್ಲೇ ಬಿಲ್ಲಿನ ಶಾಟ್‌ಗನ್ನಿಂದ ಒಡಿಯೋ ಆಟದಾಗ, ಹಂಗಲ್ಲ. ಶಾಟ್‌ಗನ್ನಿಗೆ ಗುರಿ ಹಿಡಿಯೋ ಹಿಂದಿನ ಸೈಟ್ ಅನ್ನೋದ ಇಲ್ಲ, ನಿಮ್ಮ ಕಣ್ಣ ಹಿಂದಿನ ಸೈಟ್.

ನಿಮಗೂ ಹಿಂಗ ಐತೇನು ನೋಡ್ಕೊಳ್ಳೋದು ಸಸಾರ. ಉಣಕಲ್ ಕೆರಿ ದಂಡಿಗೆ ನಿಂತು, ಎರಡೂ ಕೈ ಉದ್ದ ಚಾಚಿ, ಅಂಗೈ ಕೂಡಿಸಿ ನಡುವ ಸಣ್ಣ ತೂತು ಮಾಡಿ, ಅದರಾಗ ಕೆರಿ ನಡುವಿನ ವಿವೇಕಾನಂದರ ಮೂರ್ತಿ ಹಿಡೀರಿ, ಎರಡೂ ಕಣ್ಣು ತೆರದಿರಲಿ. ಈಗ ಎಡಗಣ್ಣು ಮುಚ್ಚಿದ್ರ ಮೂರ್ತಿ ತೂತಿನಿಂದ ಹೊರಗ ಜಿಗದ್ರ ಯಜಮಾನ ಎಡಗಣ್ಣ.

ರೇಂಜ್‌ನಾಗ ಇದರ ಗುರುತು ಏನಪಾ ಅಂದ್ರ, ಎಡಕ್ಕ ಹಾರೋ ಕ್ಲೇ ಒಡೀತಾವ, ಬಲಕ್ಕ ಹಾರೋವು ಆರಾಮ ತಪ್ಪಸ್ಕೊಂಡು ಹೋಗ್ತಾವ. ಲೆಕ್ಕ ಹಾಕಿ ನೋಡ್ರಿ: ಎರಡು ಕಣ್ಣಿನ ನಡುವ 6 ಸೆಂಟಿಮೀಟರ್ ಮ್ಯಾಲೆ ಅಂತರ, ಕಣ್ಣಿಂದ ಬೀಡ್ (ನಳಿಗಿ ತುದಿಗಿರೋ ಗುರಿಮಣಿ) ತನಕಾ ಸುಮಾರು 1 ಮೀಟರ್, ಎಡಗಣ್ಣು ಬೀಡನ್ನ ಪೂರಾ ಹಿಡಕೊಂತಂದ್ರ 35 ಮೀಟರಿಗೆ ಶಾಟ್ 2 ಮೀಟರ್ ಎಡಕ್ಕ ಹೋಗಿರ್ತೈತಿ, ಕ್ಲೇ ನೋಡಿದ್ರ ಅಗಲ ಬರೇ 11 ಸೆಂಟಿಮೀಟರ್. ಎಡಗಣ್ಣು ಅರ್ಧಂಬರ್ಧ ಜಗ್ಗಿದ್ರ ಎಡಕ್ಕ ಹೋಗೋ ಕ್ಲೇಗೆ ಪುಕ್ಕಟೆ ಲೀಡ್ (ಕ್ಲೇಕ್ಕಿಂತ ಮುಂದ ಹೊಡಿಯೋ ಅಂತರ) ಸಿಕ್ಕಂಗ, ಬಲಕ್ಕ ಹೋಗೋದಕ್ಕ ಶಾಟ್ ಹಿಂದ. ಭಾಳ ಮಂದಿ ಇದನ್ನ ಸ್ವಿಂಗ್ ತಪ್ಪು ಅಂತ ತಿಳ್ಕೊಂಡು ಸೊಂಟ ತಿರುಗಿಸೋದನ್ನ ಪ್ರಾಕ್ಟೀಸ್ ಮಾಡ್ಕೊಂತ ಕುಂದರ್ತಾರ.

ಒಂದು ಕಣ್ಣು ಮುಚ್ಚೋದು ನನಗ ಸೇರಲಿಲ್ಲ, ಕ್ಲೇ ಟ್ರೆಂಚ್‌ನಿಂದ (ಕ್ಲೇ ಹಾರಸೋ ಮಷೀನ್ ಇರೋ ತಗ್ಗು) ಹೊರಗ ಬೀಳೋದು ತಡಾ ಆಗಿ ಕಾಣತೈತಿ, ದೂರದ ಅಂದಾಜೂ ಹೋಗತೈತಿ. ನಾನು ಹಿಡದದ್ದು ಟೇಪಿನ ದಾರಿ. ಗನ್ ಖಾಲಿ ಐತಿ ಅಂತ ಎರಡೆರಡು ಸಲ ನೋಡಿ, ಮನ್ಯಾಗ ಕನ್ನಡಿ ಮುಂದ ಮೌಂಟ್ ಮಾಡಿ (ಗನ್ ಹೆಗಲಿಗೇರಿಸಿ), ಬೀಡ್‌ಗೆ ನೇರ ಎಡಗಣ್ಣಿನ ಪಾಪಿ ಶೂಟಿಂಗ್ ಚಸ್ಮಾದ ಗ್ಲಾಸಿನ್ಯಾಗ ಎಲ್ಲಿ ಬರ್ತೈತಿ ಅಂತ ಗುರ್ತು ಹಾಕಿದೆ. ಕೆನ್ನಿ ಸ್ಟಾಕ್ (ಗನ್ನಿನ ಹಿಂದಿನ ಹಿಡಿ) ಮ್ಯಾಲೆ ಇಟ್ರ ತಲಿ ಮುಂದ ಬಾಗ್ತೈತಲ್ಲ, ಹಂಗಾಗಿ ಆ ಜಾಗ ಲೆನ್ಸಿನ ನಟ್ಟ ನಡುವ ಇರಂಗಿಲ್ಲ, ಮ್ಯಾಲೆ, ಮೂಗಿನ ಕಡೆ ಸರದಿರ್ತೈತಿ. ಅಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣದು, ಮಸಕು ಟೇಪ್ ಗುಂಡಗ ಕತ್ತರಿಸಿ ಹಚ್ಚಿದೆ. ಮಸಕು ಇರೋದ ಬೇಕು, ಕರೇ ಟೇಪ್ ಬ್ಯಾಡ, ಬೆಳಕು ಒಳಗ ಬರಬೇಕು, ಬೀಡ್ ಮಾತ್ರ ಕಾಣಬಾರದು. ತಲಿ ಎತ್ತಿ ನಿಂತಾಗ ಟೇಪಿನ ಕೆಳಗಿಂದ ಎರಡೂ ಕಣ್ಣಿಗೆ ಎಲ್ಲಾ ಕಾಣತೈತಿ, ಮೌಂಟ್ ಮಾಡಿದ್ಕೂಡ್ಲೇ ಬಲಗಣ್ಣು ಕೆಲಸಕ್ಕ ಹತ್ತತೈತಿ.

ನಮ್ಮ ಹುಬ್ಬಳ್ಳಿ ಏಪ್ರಿಲ್ ಬಿಸಲಾಗ ಬೆವರಿಗೆ ಟೇಪಿನ ಅಂಚು ಏಳತೈತಿ, ಅದಕ್ಕ ಕಿಸೆದಾಗ ವ್ಯಾಸಲಿನ್ ಡಬ್ಬಿ, ಗ್ಲಾಸಿಗೆ ಒಂದು ಬೊಟ್ಟು ಒರಸಿದ್ರೂ ರೌಂಡ್ ಮುಗಿಯೋತನಕಾ ನಡೀತೈತಿ. ಇನ್ನೊಂದು, ದಣದಾಗ ಎಡಗಣ್ಣು ಮತ್ತ ಜೋರ ಮಾಡತೈತಿ, ಹೊತ್ತು ಮುಳಗೋ ಮುಂದಿನ ರೌಂಡಿಗೆ ಮೊದ್ಲು ಮತ್ತೊಮ್ಮೆ ಚೆಕ್ ಮಾಡ್ಕೊತೇನಿ.

ಹೆಗಲ ಬದಲಿ ಮಾಡೋದು ಖರೇ ಅಂದ್ರ ಪಕ್ಕಾ ಇಲಾಜು, ಆದ್ರ ನಲವತ್ತು ದಾಟಿದ ಮ್ಯಾಲೆ ನನಗ ಅದು ಆಗೂ ಮಾತಲ್ಲ. ಅಣ್ಣನ ಮಗಂದೂ ನನ್ನಂಗ ಎಡಗಣ್ಣು, ಅವಂಗ ಮೊದಲನೇ ದಿನದಿಂದ ಎಡ ಹೆಗಲಿಗೇ ಹಚ್ಚಿಸೀನಿ. ಸೆಮಿ ಆಟೋ (ಹೊಡದ ಮ್ಯಾಲೆ ತಾನ ಮುಂದಿನ ಕಾರ್ಟ್ರಿಜ್ ತುಂಬಕೊಳ್ಳೋ ಗನ್) ಮಾತ್ರ ಕೊಟ್ಟಿಲ್ಲ, ಖಾಲಿ ಕಾರ್ಟ್ರಿಜ್ ಬಲಕ್ಕ ಸಿಡದು ಅವನ ಮಾರಿ ಮುಂದನ ಹಾಯತೈತಿ, ಓವರ್ ಅಂಡರ್‌ನಾಗ (ಒಂದರ ಮ್ಯಾಲೊಂದು ಎರಡು ನಳಿಗಿ ಇರೋ ಗನ್) ಆ ಕಿರಿಕಿರಿ ಇಲ್ಲ. ಸ್ಟಾಕ್ ಅಷ್ಟ ಎಡಗೈಯವರಿಗೆ ಒಪ್ಪೂ ಹಂಗ ತಿದ್ದಸಬೇಕು, ಅದರ ಖರ್ಚು ಅಣ್ಣಂದು.