ಟರ್ಬೊ ಕಾರಿಗೆ ಫ್ಯೂಯಲ್ ಕಂಟ್ರೋಲರ್: ಪೆಟ್ಟಿಗೆ ಆರಿಸುವ ಮೊದಲು

ಟರ್ಬೊ ಕಾರಿಗೆ ಯಾವ ಫ್ಯೂಯಲ್ ಕಂಟ್ರೋಲರ್ ಹಾಕಿಸಲಿ ಎಂದು ಯಾರಾದರೂ ಕೇಳಿದರೆ, ಬೂಸ್ಟ್ (ಟರ್ಬೊ ಇಂಜಿನ್‌ಗೆ ತುರುಕುವ ಗಾಳಿಯ ಒತ್ತಡ) ಏರಿದಾಗ ನಿಮ್ಮ ಪೆಟ್ರೋಲ್ ಒತ್ತಡ ಎಷ್ಟಿರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ. ಅವರು ಬಂದಿರುವುದು ಒಂದು ಹೆಸರು ಕೇಳಿಕೊಂಡು ಹೋಗಲು. ಆದರೆ ಕಂಟ್ರೋಲರ್ ಪೆಟ್ರೋಲನ್ನು ಹುಟ್ಟಿಸುವುದಿಲ್ಲ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದಷ್ಟೇ ಹೇಳುತ್ತದೆ. ಸೋತ ಪಂಪಿರುವ ಕಾರಿಗೆ ದುಬಾರಿ ಕಂಟ್ರೋಲರ್ ಕೂರಿಸಿದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇನ್‌ಟೇಕ್ ಪೋರ್ಟಿಗೆ ಪೆಟ್ರೋಲ್ ಸಿಂಪಡಿಸುವ ಇಂಜಿನ್‌ಗಳಲ್ಲಿ ಮೂಲ ಒತ್ತಡ ಸಾಮಾನ್ಯವಾಗಿ 3 ಬಾರ್. ಈ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಒಂದು ಸಣ್ಣ ಕೊಳವೆ ಬಂದಿದ್ದರೆ, 1 ಬಾರ್ ಬೂಸ್ಟ್ ಬಂದಾಗ ಗೇಜ್ 4 ಬಾರ್ ತೋರಿಸಬೇಕು. ಅದು 3ರಲ್ಲೇ ನಿಂತರೆ, ಎದುರಿನಿಂದ ತಳ್ಳುವ ಗಾಳಿಯನ್ನು ಕಳೆದು ಇಂಜೆಕ್ಟರ್‌ಗೆ ಉಳಿಯುವುದು 2 ಬಾರ್ ಮಾತ್ರ. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುವುದರಿಂದ ಪೆಟ್ರೋಲ್ ಸುಮಾರು ಶೇಕಡ 18ರಷ್ಟು ಕಡಿಮೆಯಾಗುತ್ತದೆ, ಅದೂ ಇಂಜಿನ್‌ಗೆ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ. ಇದನ್ನು ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಪರೀಕ್ಷಿಸುವುದು ಉತ್ತಮ. ಅದಿಲ್ಲದಿದ್ದರೆ ವಾಹನ ಓಡಾಡದ ಜಾಗದಲ್ಲಿ ಮಾಡಿ, ಗೇಜನ್ನು ಪಕ್ಕದಲ್ಲಿ ಕುಳಿತವರು ನೋಡಲಿ.

ಆಮೇಲೆ ಇಂಜೆಕ್ಟರ್ ಲೆಕ್ಕ. ಟರ್ಬೊ ಇಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 300 ಅಶ್ವಶಕ್ತಿಗೆ 81 ಕಿಲೋ. ನಾಲ್ಕು ಸಿಲಿಂಡರ್‌ಗೆ ಹಂಚಿ, ಇಂಜೆಕ್ಟರ್ ಶೇಕಡ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂಬ ಮಿತಿ ಹಾಕಿದರೆ, ಒಂದೊಂದೂ ನಿಮಿಷಕ್ಕೆ ಸುಮಾರು 580 ಸಿಸಿ ಹರಿಸಬೇಕು. ನಿಮ್ಮ ಇಂಜೆಕ್ಟರ್‌ಗಳು 440 ಸಿಸಿಯವಾಗಿದ್ದರೆ ಯಾವ ಪೆಟ್ಟಿಗೆಯೂ ಆ ಗುರಿ ಮುಟ್ಟಿಸುವುದಿಲ್ಲ.

ಈ ಎರಡೂ ಸರಿಯಿದ್ದರೆ ಮಾತ್ರ ಕಂಟ್ರೋಲರ್ ಮಾತು. ಆಗಲೂ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಪೆಟ್ರೋಲನ್ನು ಬದಲಿಸಿದಾಗ ಕಾರಿನ ಮೂಲ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಏನು ಮಾಡುತ್ತದೆ? ನಾನು ಇದನ್ನು ಕೇಳಿಕೊಳ್ಳದೆ ಪಿಗ್ಗಿಬ್ಯಾಕ್ ಹಾಕಿದ್ದೆ.

ಪಿಗ್ಗಿಬ್ಯಾಕ್ ಎಂದರೆ ಏರ್‌ಫ್ಲೋ ಸೆನ್ಸರ್‌ನಿಂದ ಇಸಿಯುಗೆ ಹೋಗುವ ತಂತಿಯ ನಡುವೆ ಕುಳಿತು ಸುಳ್ಳು ಹೇಳುವ ಪೆಟ್ಟಿಗೆ. 440 ಸಿಸಿ ಇಂಜೆಕ್ಟರ್ ತೆಗೆದು 550 ಸಿಸಿಯವನ್ನು ಹಾಕಿದ್ದೆ. 440ನ್ನು 550ರಿಂದ ಭಾಗಿಸಿದರೆ 0.8, ಹಾಗಾಗಿ ಗಾಳಿಯನ್ನು ಶೇಕಡ 20 ಕಡಿಮೆ ಮಾಡಿ ತೋರಿಸುವಂತೆ ಹೊಂದಿಸಿದೆ. ಪೂರ್ಣ ಬೂಸ್ಟ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 11.7, 11.8. ಎಷ್ಟು ಸುಲಭ ಎಂದು ಬೀಗಿದೆ. ಆದರೆ ಇಸಿಯು ಆ ಗಾಳಿಯ ಲೆಕ್ಕದಿಂದ ಪೆಟ್ರೋಲನ್ನಷ್ಟೇ ಅಳೆಯುವುದಿಲ್ಲ, ಕಿಡಿ ಯಾವಾಗ ಹೊತ್ತಬೇಕು ಎಂಬುದನ್ನೂ ಅದರಿಂದಲೇ ಹುಡುಕುತ್ತದೆ. ಇಂಜಿನ್ ಮೇಲಿನ ಹೊರೆ ಕಡಿಮೆ ಎಂದು ನಂಬಿ, ಟೈಮಿಂಗ್ ಕೋಷ್ಟಕದಲ್ಲಿ ಹಗುರ ಹೊರೆಯ ಸಾಲಿಗೆ ಹೋಗಿ, 4 ಡಿಗ್ರಿ ಮೊದಲೇ ಕಿಡಿ ಕೊಟ್ಟಿತು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದಂಥ ಸದ್ದು ಕೇಳಿತು. ಹೀಟ್ ಶೀಲ್ಡ್ ಸಡಿಲವಾಗಿದೆ ಎಂದುಕೊಂಡೆ! ಅದು ನಾಕ್, ಅಂದರೆ ಸಿಲಿಂಡರ್‌ನೊಳಗೆ ಮಿಶ್ರಣ ತಾನಾಗಿಯೇ ಸಿಡಿಯುವ ಸದ್ದು. ನಾಕ್ ಸೆನ್ಸರ್ ಟೈಮಿಂಗನ್ನು ಒಂದಿಷ್ಟು ಹಿಂದಕ್ಕೆ ಎಳೆದಿರಬೇಕು, ಸಾಲಲಿಲ್ಲ. ಇಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್‌ನ ರಿಂಗುಗಳ ನಡುವಿನ ಅಂಚು ಚಂದ್ರಾಕಾರದಲ್ಲಿ ಕಿತ್ತು ಬಂದಿತ್ತು. ಅನುಪಾತದ ಗೇಜ್ ಕೊನೆಯವರೆಗೂ 11.8 ಎಂದೇ ಹೇಳುತ್ತಿತ್ತು.

ಹಾಗೆಂದು ಪಿಗ್ಗಿಬ್ಯಾಕನ್ನು ನಾನು ಬಯ್ಯುವುದಿಲ್ಲ. ಶೇಕಡ ಐದಾರರಷ್ಟು ತಿದ್ದುಪಡಿಗೆ, ಕಿಡಿಯ ಟೈಮಿಂಗನ್ನೂ ಹಿಂದಕ್ಕೆ ಎಳೆಯಬಲ್ಲ ಮಾದರಿಯಾದರೆ, ಅದು ಕೆಲಸಕ್ಕೆ ಬರುತ್ತದೆ. ಇನ್ನೊಂದು ತೊಡಕು ನೆನಪಿರಲಿ. ನಿಧಾನ ಓಡಾಟದಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಮಿಶ್ರಣವನ್ನು 14.7ರ ಸುತ್ತ ಹಿಡಿಯುತ್ತದೆ. ಅಲ್ಲಿ ನೀವು ಕೊಟ್ಟ ತಿದ್ದುಪಡಿಯನ್ನು ಅದು ಮೆಲ್ಲನೆ ಅಳಿಸಿಹಾಕುತ್ತದೆ. ಅಳಿಸಿದ್ದನ್ನು ನೆನಪಿಟ್ಟುಕೊಂಡು ಬೂಸ್ಟ್‌ನಲ್ಲೂ ಅನ್ವಯಿಸುವ ಇಸಿಯುಗಳಿವೆ. ನಿನ್ನೆ ಚೆನ್ನಾಗಿದ್ದ ಕಾರು ಇಂದೇಕೆ ಬೇರೆಯಾಗಿದೆ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಫ್ಯೂಯಲ್ ಟ್ರಿಮ್ (ಇಸಿಯು ತಾನೇ ಮಾಡಿಕೊಂಡ ಈ ತಿದ್ದುಪಡಿ) ನೋಡಬೇಕು.

ನಿಮ್ಮ ಕಾರಿನ ಇಸಿಯುವನ್ನು ರೀಫ್ಲಾಶ್ ಮಾಡಲು (ಅದರೊಳಗಿನ ಕೋಷ್ಟಕಗಳನ್ನೇ ತಿದ್ದಿ ಬರೆಯಲು) ಬರುತ್ತದೆ ಎಂದಾದರೆ ಅದೇ ನನ್ನ ಮೊದಲ ಆಯ್ಕೆ. ಪೆಟ್ರೋಲ್, ಕಿಡಿ, ಬೂಸ್ಟ್ ಮಿತಿ ಮೂರೂ ಒಂದೇ ತಲೆಯೊಳಗೆ ಇರುತ್ತವೆ. ಹೊಸ ಇಂಜೆಕ್ಟರ್‌ನ ಅಳತೆಯನ್ನು ನೇರವಾಗಿ ಬರೆಯಬಹುದು, ಯಾರಿಗೂ ಸುಳ್ಳು ಹೇಳಬೇಕಿಲ್ಲ. ಚಳಿಯಲ್ಲಿ ಸ್ಟಾರ್ಟ್ ಆಗುವುದು, ಎಸಿ ಹಾಕಿದಾಗ ಐಡ್ಲಿಂಗ್ ಕುಸಿಯದಿರುವುದು, ಇವೆಲ್ಲ ಕಾರ್ಖಾನೆಯವರು ಮಾಡಿಟ್ಟಂತೆಯೇ ಉಳಿಯುತ್ತವೆ. ನೇರವಾಗಿ ಸಿಲಿಂಡರ್‌ಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಕಾರಾದರೆ ಬೇರೆ ದಾರಿ ಹುಡುಕಲು ಹೋಗಲೇಬೇಡಿ.

ಮೂಲ ಇಸಿಯುವಿನ ಜಾಗದಲ್ಲಿ ಕೂರಿಸುವ ಸ್ಟ್ಯಾಂಡ್‌ಅಲೋನ್ ಇಸಿಯು ಎಲ್ಲವನ್ನೂ ನಿಮ್ಮ ಕೈಗೆ ಕೊಡುತ್ತದೆ, ಎಲ್ಲವನ್ನೂ ನಿಮ್ಮ ತಲೆಗೂ ಕಟ್ಟುತ್ತದೆ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್‌ನಿಂದ ಹಿಡಿದು ಹ್ಯಾಲ್‌ಟೆಕ್, ಲಿಂಕ್, ಮೋಟೆಕ್‌ವರೆಗೆ ಆಯ್ಕೆಗಳಿವೆ. ಹಳೆಯ, ಸರಳ ವೈರಿಂಗ್ ಇರುವ ಕಾರಿಗೆ ಹಿತವಾದ ದಾರಿ ಇದು. ಇಮೊಬಿಲೈಸರ್, ಡ್ಯಾಶ್‌ಬೋರ್ಡ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಲ್ಲವೂ ಪರಸ್ಪರ ಮಾತನಾಡುವ ಹೊಸ ಕಾರಿನಲ್ಲಿ, ನಿಮ್ಮ ಮಾದರಿಗೆಂದೇ ಮಾಡಿದ ಆವೃತ್ತಿ ಸಿಗದಿದ್ದರೆ ಕೈ ಹಾಕಬೇಡಿ. ದಿನನಿತ್ಯ ಓಡಿಸುವ ಕಾರಿನ ಐಡ್ಲಿಂಗ್ ಸರಿಪಡಿಸಲು ನನ್ನ ಗೆಳೆಯನಿಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಬೆಳಗಿನ ಚಳಿ ದಿನಕ್ಕೆ ಒಂದೇ ಸಲ ಸಿಗುತ್ತದಲ್ಲ.

ಬೂಸ್ಟ್ ಏರಿದಂತೆ ಒತ್ತಡವನ್ನು ಹಲವು ಪಟ್ಟು ಏರಿಸುವ ಹಳೆಯ ರೆಗ್ಯುಲೇಟರ್‌ಗಳು ಇನ್ನೂ ಕೈ ಬದಲಾಯಿಸುತ್ತಿರುತ್ತವೆ. ಬಿಟ್ಟುಬಿಡಿ. ಇಸಿಯು ಬೂಸ್ಟ್ ಮಿತಿ ಮೀರಿದೆ ಎಂದು ಪೆಟ್ರೋಲ್ ನಿಲ್ಲಿಸುವುದನ್ನು ತಪ್ಪಿಸುವ ಪುಟ್ಟ ಸಾಧನವನ್ನಂತೂ ಮುಟ್ಟಬೇಡಿ, ಅದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ಯಾವ ದಾರಿ ಹಿಡಿದರೂ, ಕೊಳ್ಳುವಾಗ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ಅಳತೆ ನೋಡಿ. ಅದು ವಾತಾವರಣದ ಒತ್ತಡವನ್ನೂ ಸೇರಿಸಿ ಎಣಿಸುವುದರಿಂದ 2 ಬಾರ್ ಸೆನ್ಸರ್ 1 ಬಾರ್ ಬೂಸ್ಟ್‌ಗೇ ಕುರುಡಾಗುತ್ತದೆ. ಬ್ಯಾಟರಿ ವೋಲ್ಟೇಜ್ ಇಳಿದಾಗ ಇಂಜೆಕ್ಟರ್ ತೆರೆಯಲು ತಡವಾಗುತ್ತದೆ, ಆ ವಿಳಂಬಕ್ಕೆ ಕೋಷ್ಟಕ ಇದೆಯೇ ಕೇಳಿ. ಆರ್‌ಪಿಎಂ, ಬೂಸ್ಟ್, ಅನುಪಾತ, ಟೈಮಿಂಗ್ ನಾಲ್ಕೂ ಒಂದೇ ಲಾಗ್‌ನಲ್ಲಿ ದಾಖಲಾಗಬೇಕು. ಕೊನೆಗೆ, ಟ್ಯೂನ್ ಮಾಡುವವರು ಯಾರು ಎಂದು ಗೊತ್ತುಮಾಡಿಕೊಂಡು, ಅವರಿಗೆ ಕೈ ಪಳಗಿದ ಪೆಟ್ಟಿಗೆಯನ್ನೇ ಕೊಳ್ಳಿ.

ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಜೋಡಿಸುವಾಗ ಅದರ ನೆಲದ (ಅರ್ತ್) ತಂತಿಯನ್ನು ಕೈಗೆ ಸಿಕ್ಕ ಬೋಲ್ಟಿಗೆ ಸುತ್ತಬೇಡಿ. 0ರಿಂದ 5 ವೋಲ್ಟ್ ಎಂದರೆ 10ರಿಂದ 20 ಅನುಪಾತ ಎನ್ನುವ ಕಂಟ್ರೋಲರ್‌ನಲ್ಲಿ 0.1 ವೋಲ್ಟ್ ವ್ಯತ್ಯಾಸವಾದರೂ ಅನುಪಾತ 0.2ರಷ್ಟು ಸುಳ್ಳಾಗುತ್ತದೆ. ಇಂಜಿನ್ ಓಡುತ್ತಿರುವಾಗ, ಫ್ಯಾನ್ ಮತ್ತು ಹೆಡ್‌ಲೈಟ್ ಹಾಕಿ, ಆ ಬೋಲ್ಟಿಗೂ ಇಸಿಯುವಿನ ನೆಲಕ್ಕೂ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ನನ್ನ ಕಾರಿನಲ್ಲಿ 0.14 ಬಂದಿತ್ತು. ಈಗ ಎರಡೂ ತಂತಿಗಳು ಒಂದೇ ಬೋಲ್ಟಿನಲ್ಲಿವೆ, ಮತ್ತು ಲಾಗ್ ತೆರೆದಾಗ ನಾನು ಅನುಪಾತಕ್ಕಿಂತ ಮೊದಲು ಟೈಮಿಂಗ್ ಗೆರೆಯನ್ನು ನೋಡುತ್ತೇನೆ.