ಸ್ಪ್ಲೆಂಡರ್‌ನಿಂದ ಎನ್‌ಫೀಲ್ಡ್‌ಗೆ: ಹೊಸ ಗಾಡಿಗೆ ಕೈಕಾಲು ಒಗ್ಗಿಸುವುದು ಹೇಗೆ?

ವರ್ಷಗಟ್ಟಲೆ ಸ್ಪ್ಲೆಂಡರ್ ಓಡಿಸಿದವರು ಮೊದಲ ಸಲ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹತ್ತುವಾಗ ಹೆದರುವುದು ಅದರ ಎಂಜಿನ್‌ಗೆ. ಹೆದರಬೇಕಾದ್ದು ತಮ್ಮ ಎಡಗಾಲಿಗೆ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದೆ ತುಳಿದೇ ಹಾಕುವುದು, ಹಿಮ್ಮಡಿಯಲ್ಲಿ ಒತ್ತಿದರೆ ಗೇರ್ ಇಳಿಯುತ್ತದೆ. ಕ್ಲಾಸಿಕ್‌ನಲ್ಲಿ ಫಸ್ಟ್ ಗೇರ್ ಮಾತ್ರ ಕೆಳಕ್ಕೆ, ಉಳಿದ ನಾಲ್ಕು ಮೇಲಕ್ಕೆ, ಹಿಮ್ಮಡಿ ಒತ್ತಿದರೆ ಗೇರ್ ಏರುತ್ತದೆ. ಪೂರ್ತಿ ಉಲ್ಟಾ! ಥರ್ಡ್ ಗೇರ್‌ನಲ್ಲಿ ಐವತ್ತರಲ್ಲಿ ಹೋಗುತ್ತಾ, ಫೋರ್ತ್ ಹಾಕೋಣ ಅಂತ ಹಳೇ ಅಭ್ಯಾಸದಲ್ಲಿ ಮುಂದೆ ತುಳಿದಿರೋ, ಗಾಡಿ ಸೆಕೆಂಡ್‌ಗೆ ಬಿದ್ದು ಎಂಜಿನ್ ಕಿರುಚುತ್ತದೆ, ಹಿಂದಿನ ಚಕ್ರ ಹಿಡಿದೆಳೆದ ಹಾಗಾಗುತ್ತದೆ. ಮಳೆ ಬಿದ್ದ ರಸ್ತೆಯಾದರೆ ಜಾರಲೂಬಹುದು.

ಹಾಗಾಗಿ ಮೊದಲ ಪಾಠ ಎಂಜಿನ್ ಆಫ್ ಇರುವಾಗಲೇ. ಗಾಡಿ ಮೇಲೆ ಕೂತು, ಕ್ಲಚ್ ಹಿಡಿದು, ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸುತ್ತಾ ಎಲ್ಲ ಗೇರ್ ಹಾಕಿ ತೆಗೆಯಿರಿ. ಕಾಲು ನೋಡದೆ ಮಾಡಿ. ಹಳೇ ಬುಲೆಟ್ ಸಿಕ್ಕಿದರೆ ಇನ್ನೂ ಮಜಾ, ಅದರಲ್ಲಿ ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. ನಮ್ಮ ಮೈಸೂರಿನ ಹಳೇ ಯೆಜ್ಡಿಯಲ್ಲಂತೂ ಕಿಕ್ಕರೂ ಗೇರೂ ಒಂದೇ ಲಿವರ್.

ಆಮೇಲೆ ತೂಕ. ಸ್ಪ್ಲೆಂಡರ್ ಸುಮಾರು 112 ಕೆಜಿ, ಕ್ಲಾಸಿಕ್ 195. ಓಡುವಾಗ ಇದು ಗೊತ್ತೇ ಆಗುವುದಿಲ್ಲ, ನಿಲ್ಲಿಸುವಾಗ ಗೊತ್ತಾಗುತ್ತದೆ. ಜಾಸ್ತಿ ಜನ ಗಾಡಿ ಬೀಳಿಸುವುದು ಸ್ಪೀಡಲ್ಲಲ್ಲ, ಪಾರ್ಕಿಂಗ್‌ನಲ್ಲಿ: ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕ್ ಹಿಡಿಯುತ್ತಾರೆ, ಗಾಡಿ ಒಂದು ಕಡೆ ವಾಲುತ್ತದೆ, ಸ್ಪ್ಲೆಂಡರ್ ಆಗಿದ್ದರೆ ಕಾಲು ಕೊಟ್ಟು ತಡೆಯಬಹುದಿತ್ತು, ಇಲ್ಲಿ ಅಷ್ಟರಲ್ಲಿ ಮಲಗಿರುತ್ತದೆ. ನಿಲ್ಲುವ ಕೊನೆಯ ಎರಡು ಅಡಿಯಲ್ಲಿ ಹ್ಯಾಂಡಲ್ ನೇರ ಇರಲಿ. ನಿಧಾನಕ್ಕೆ ತಿರುಗಿಸುವಾಗ ಮುಂದಿನ ಬ್ರೇಕ್ ಮುಟ್ಟಬೇಡಿ, ಹಿಂದಿನದನ್ನು ಹಗುರಾಗಿ ಒತ್ತಿ ಹಾಫ್ ಕ್ಲಚ್‌ನಲ್ಲಿ ಎಳೆಯಿರಿ. ಎರಡು ಚಕ್ರದ ನಡುವಿನ ಅಂತರವೂ ಸುಮಾರು 15 ಸೆಂ.ಮೀ. ಜಾಸ್ತಿ, ಸ್ಪ್ಲೆಂಡರ್ ಸಲೀಸಾಗಿ ಯು ಟರ್ನ್ ಹೊಡೆಯುವ ಗಲ್ಲಿಯಲ್ಲಿ ಇದು ಒಂದೇ ಏಟಿಗೆ ತಿರುಗದೇ ಇರಬಹುದು. ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಿ. ನೆಲ ನೋಡಬೇಡಿ, ಹೋಗಬೇಕಾದ ಕಡೆ ನೋಡಿ.

ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನೋದನ್ನೂ ಅಲ್ಲೇ ಪತ್ತೆ ಮಾಡಿ. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ.

ಬ್ರೇಕ್‌ಗೆ ಮಾತ್ರ ಆತುರ ಬೇಡ. ಹಿಂದೆ ಯಾರೂ ಬರದ ನೇರ ರಸ್ತೆಯಲ್ಲಿ ಮೂವತ್ತರ ಸ್ಪೀಡಿನಿಂದ ಎರಡೂ ಬ್ರೇಕ್ ಒಟ್ಟಿಗೆ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಪ್ರತಿ ಸಲ ಸ್ವಲ್ಪ ಜಾಸ್ತಿ ಒತ್ತಿ. 125 ಸಿಸಿ ಮೇಲಿನ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅದು ಕೆಲಸ ಮಾಡುವಾಗ ಲಿವರ್ ಕೈಯಲ್ಲಿ ಪಟಪಟ ಅಂತ ಅದುರುತ್ತದೆ, ಗಾಬರಿಯಾಗಿ ಬಿಟ್ಟುಬಿಡಬೇಡಿ.

ತಿರುವಿನ ವಿಷಯಕ್ಕೆ ಬಂದರೆ, ವೇಗದಲ್ಲಿ ಎಡಕ್ಕೆ ಹೋಗಬೇಕಾದಾಗ ಎಡಗೈಯ ಹ್ಯಾಂಡಲನ್ನು ಹಗುರಾಗಿ ಮುಂದಕ್ಕೆ ತಳ್ಳಬೇಕು. ಓದೋಕೆ ವಿಚಿತ್ರ ಅನ್ನಿಸುತ್ತೆ, ಆದರೆ ಎಲ್ಲ ಬೈಕೂ ತಿರುಗುವುದು ಹೀಗೇ. ಹಗುರ ಗಾಡಿಯಲ್ಲಿ ಗೊತ್ತಾಗದೆ ಮಾಡಿರುತ್ತೀರಿ, ಭಾರದ್ದರಲ್ಲಿ ಬೇಕಂತಲೇ ಮಾಡಬೇಕು. ಆಗುಂಬೆಯ 14 ತಿರುವು ಮೊದಲ ವಾರಕ್ಕೆ ಬೇಡ ಬಿಡಿ. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವುದೂ ಅಷ್ಟೇ.

ಯಾರೂ ಹೇಳದ ಇನ್ನೊಂದು ವಿಷಯ ಇದೆ. ಎನ್‌ಫೀಲ್ಡ್ ಡಿಸ್ಕ್ ಬ್ರೇಕಿಗೆ ಕೈ ಒಗ್ಗಿದ ಮೇಲೆ ಅಪ್ಪನ ಹಳೇ ಸ್ಪ್ಲೆಂಡರ್ ತಗೊಂಡು ಹಾಲು ತರೋಕೆ ಹೊರಟರೆ, ಅದರ ಡ್ರಮ್ ಬ್ರೇಕ್‌ಗೆ ಗಾಡಿ ನೀವು ಅಂದುಕೊಂಡ ಜಾಗದಲ್ಲಿ ನಿಲ್ಲುವುದಿಲ್ಲ, ಎಡಗಾಲು ಮತ್ತೆ ಉಲ್ಟಾ ಗೇರ್ ಹಾಕುತ್ತದೆ. ಮನೆ ಗಾಡಿ ತಾನೇ ಅಂತ ಬಿಡಬೇಡಿ, ಗೇಟ್ ದಾಟುವ ಮೊದಲು ಒಂದೆರಡು ಸಲ ಬ್ರೇಕ್ ಒತ್ತಿ, ಗೇರ್ ಹಾಕಿ ನೋಡಿ.